ಪೋಷಕರಿಗೆ ಪತ್ರ: ಶನಿವಾರ ಒಂದು ತರಕಾರಿ ಕಳಿಸಿ

ಮಾನ್ಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ 7ನೇ ತರಗತಿಯ ವಿಜ್ಞಾನ ಪಾಠಕ್ಕೆ ಪ್ರತಿ ಮಗುವಿನ ಕೈಲಿ ಒಂದು ತರಕಾರಿ ಕಳಿಸಿ. ಅದು ಗಿಡದ ಹಣ್ಣೋ, ಬೇರೋ, ಕಾಂಡವೋ, ಎಲೆಯೋ ಎಂದು ಮಕ್ಕಳು ಗುಂಪು ಮಾಡುತ್ತಾರೆ. ತೊಳೆದಿರಲಿ, ಹೆಚ್ಚಿರಬಾರದು, ತೊಟ್ಟು ಮುರಿದಿರಬಾರದು. ಬದನೆಕಾಯಿಯ ತಲೆಗೆ ಅಂಟಿದ ಹಸಿರು ಟೋಪಿ ಹೂವಿನ ಪುಷ್ಪಪತ್ರಗಳೇ, ಅಂದರೆ ಮೊಗ್ಗನ್ನು ಮುಚ್ಚಿದ್ದ ಹಸಿರು ಎಸಳುಗಳು. ಅದನ್ನು ಕಂಡ ಮಗುವಿಗೆ ಬದನೆ ಹೂವಿನಿಂದ ಬಂದದ್ದೆಂದು ಬೇರೆ ಹೇಳಬೇಕಿಲ್ಲ.

ಸಸ್ಯಶಾಸ್ತ್ರದಲ್ಲಿ ಹೂವಿನ ಅಂಡಾಶಯ (ಹೂವಿನೊಳಗೆ ಬೀಜ ಕಟ್ಟುವ ಭಾಗ) ಬಲಿತು ಆದದ್ದು ಹಣ್ಣು. ಸಿಹಿಯೋ ಸಪ್ಪೆಯೋ, ಹುಳಿಗೋ ಪಾಯಸಕ್ಕೋ ಎಂಬುದು ಅಡುಗೆಮನೆಯ ಲೆಕ್ಕ. ಹಾಗಾಗಿ ಮಗು ಮನೆಗೆ ಬಂದು "ಬೆಂಡೆಕಾಯಿ ಹಣ್ಣು" ಎಂದರೆ ತಿದ್ದಬೇಡಿ, "ಬೀಜ ಎಲ್ಲಿದೆ ತೋರಿಸು" ಎನ್ನಿ. ಬೆಂಡೆಯನ್ನು ಅಡ್ಡಕ್ಕೆ ಹೆಚ್ಚಿದರೆ ಸಾಮಾನ್ಯವಾಗಿ 5 ಕೋಣೆ, ಸೌತೆಯಲ್ಲಿ 3 ಭಾಗ ಕಾಣುತ್ತವೆ. ಉದ್ದಕ್ಕೆ ಸೀಳಿದರೆ ಈ ಲೆಕ್ಕ ಸಿಗುವುದಿಲ್ಲ.

ಹೆಸರಿನಲ್ಲಿ 'ಕಾಯಿ' ಇದ್ದರೆ ಅದು ಹಣ್ಣೇ ಎಂದು ಬಹುಮಟ್ಟಿಗೆ ನಂಬಬಹುದು. ಮಣ್ಣಿನಿಂದ ಕೀಳುತ್ತೇವಲ್ಲ ಎಂದು ಕಡಲೆಕಾಯಿಯನ್ನು ಮಕ್ಕಳು ಬೇರಿನ ಗುಂಪಿಗೆ ಸೇರಿಸುತ್ತಾರೆ. ಆದರೆ ಹಳದಿ ಹೂ ನೆಲದ ಮೇಲೆ ಅರಳಿ ಬಾಡಿದ ಮೇಲೆ ಅಂಡಾಶಯದ ಬುಡ ಸೂಜಿಯಂತೆ ಉದ್ದವಾಗಿ ಮಣ್ಣಿಗಿಳಿದು ಅಲ್ಲಿ ಕಾಯಿಕಟ್ಟುತ್ತದೆ. ಹೆಸರಿಟ್ಟವರು ಸರಿಯಾಗೇ ನೋಡಿದ್ದಾರೆ.

ಮೋಸ ಹೋಗುವುದು 'ಗೆಡ್ಡೆ'ಯಲ್ಲಿ. ಆಲೂಗೆಡ್ಡೆ ಕಾಂಡ, ಗೆಣಸು ಬೇರು, ಈರುಳ್ಳಿ ಎಲೆಗಳ ಬುಡ. ಮೊಳಕೆ ಬಂದರೆ ಕಾಂಡ ಎನ್ನುವಂತಿಲ್ಲ, ಗೆಣಸೂ ಮೊಳೆಯುತ್ತದೆ. ಆಲೂಗೆಡ್ಡೆಯ ಕಣ್ಣನ್ನು ಹತ್ತಿರದಿಂದ ನೋಡಿ: ಸಣ್ಣ ಕುಳಿ, ಒಳಗೆ ಮೊಗ್ಗು, ಅಂಚಿನಲ್ಲಿ ಹುಬ್ಬಿನಂಥ ಗೀಟು. ಆ ಗೀಟು ಎಲೆಯ ಗುರುತು. ಒಂದೊಂದು ಕಣ್ಣಿಗೂ ಬೆಂಕಿಕಡ್ಡಿ ಚುಚ್ಚಿ, ಕಡ್ಡಿಯಿಂದ ಕಡ್ಡಿಗೆ ದಾರ ಸುತ್ತಿದರೆ ಸುರುಳಿ ಮೂಡುತ್ತದೆ, ಕೊಂಬೆಯ ಮೇಲೆ ಎಲೆ ಕೂರುವ ಹಾಗೆ. ಗೆಣಸಿನ ಮೇಲೆ ಈ ಕ್ರಮ ಇರುವುದಿಲ್ಲ. ಶುಕ್ರವಾರ ರಾತ್ರಿ ಇದೊಂದನ್ನು ಮಕ್ಕಳ ಜೊತೆ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಸುವರ್ಣಗೆಡ್ಡೆ ಬೇಡ, ಕೈ ತುರಿಸುತ್ತದೆ. ಸಿಪ್ಪೆ ಸಹಿತದ ಹಸಿ ಗೇರುಬೀಜವಂತೂ ಬೇಡವೇ ಬೇಡ, ಅದರ ಎಣ್ಣೆ ಚರ್ಮ ಸುಡುತ್ತದೆ. ಹೀಗೆನ್ನಲು ಬೇಸರವೇ: ನಾವು ಗೇರುಹಣ್ಣು ಎನ್ನುವುದು ಊದಿದ ತೊಟ್ಟು, ಕೆಳಗೆ ನೇತಾಡುವ ಬೀಜವೇ ನಿಜವಾದ ಹಣ್ಣು. ಅದನ್ನು ಚಿತ್ರದಲ್ಲೇ ತೋರಿಸುತ್ತೇವೆ. ಮೆಣಸಿನಕಾಯಿ ಕಳಿಸಬಹುದು, ಹೆಚ್ಚುವುದು ಶಿಕ್ಷಕರೇ.

ಚಾಕು ಕಳಿಸಬೇಡಿ. ಹೆಚ್ಚಿದ್ದೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ, ಬಿಸಿಯೂಟಕ್ಕಲ್ಲ. ಹಾಗಾಗಿ ಮನೆಯಲ್ಲಿ ಬಾಡಿಕೊಂಡಿದ್ದದ್ದಾದರೂ ಸಾಕು, ಇದಕ್ಕೆಂದೇ ದುಡ್ಡು ಕೊಟ್ಟು ತರಬೇಡಿ.

ಇಂತಿ,
ಮುಖ್ಯ ಶಿಕ್ಷಕರು