ಸ್ಕೀಮ್ ಕೇಸ್ ಎಂದು ಕಟ್ಟಿಸಿಕೊಂಡ ಮುಂಗಡ ವಾಪಸ್ ಕೊಡಿ

ಇವರಿಗೆ,
ವೈದ್ಯಕೀಯ ಅಧೀಕ್ಷಕರು ಮತ್ತು ಆಡಳಿತಾಧಿಕಾರಿಗಳು

ವಿಷಯ: ರಾಜ್ಯ ಸರ್ಕಾರಿ ನೌಕರರ ನಗದುರಹಿತ ಚಿಕಿತ್ಸಾ ಯೋಜನೆಯಾದ ಆರೋಗ್ಯ ಸಂಜೀವಿನಿಯ ಸೌಲಭ್ಯವಿದ್ದರೂ ಹೃದಯಾಘಾತದ ರೋಗಿಯಿಂದ 1,20,000 ರೂಪಾಯಿ ಮುಂಗಡ ಕಟ್ಟಿಸಿಕೊಂಡ ಬಗ್ಗೆ

ಮಾನ್ಯರೇ,

ನಾನು ರಾಜ್ಯ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಒಂಬತ್ತು ವರ್ಷದಿಂದ ಸಿಬ್ಬಂದಿಯ ವೈದ್ಯಕೀಯ ಬಿಲ್ಲುಗಳನ್ನು ನೋಡುವುದೇ ನನ್ನ ಕೆಲಸ. ಯಾವ ಬಿಲ್ಲಿಗೆ ಆಕ್ಷೇಪಣೆ ಬರುತ್ತದೆ, ಯಾವುದು ಪಾಸಾಗುತ್ತದೆ ಅಂತ ಕಾಗದ ಕೈಗೆ ಬಂದ ಕೂಡಲೇ ಹೇಳಬಲ್ಲೆ. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ನಡೆದದ್ದು ತಿಳಿಯದೆ ಆದ ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ.

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ನನ್ನ ಗಂಡನಿಗೆ ಎದೆನೋವು ಬಂತು. ಎಡಗೈ ಜೋಮು ಹಿಡಿದಿತ್ತು, ಅಂಗಿ ಪೂರ್ತಿ ಒದ್ದೆಯಾಗಿತ್ತು. ನಿಮ್ಮ ತುರ್ತು ವಿಭಾಗದ ವೈದ್ಯರು ಇಸಿಜಿ ನೋಡಿ, ತಕ್ಷಣ ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳ ತೆರೆಯುವ ಚಿಕಿತ್ಸೆ) ಆಗಬೇಕು ಎಂದರು. ಆ ವೈದ್ಯರ ಮೇಲೆ, ನರ್ಸ್‌ಗಳ ಮೇಲೆ ನನ್ನ ದೂರು ಏನೂ ಇಲ್ಲ. ನನ್ನ ಗಂಡ ಇವತ್ತು ಮನೆಯಲ್ಲಿ ಓಡಾಡಿಕೊಂಡಿದ್ದಾರೆ ಅಂದರೆ ಅದು ಅವರಿಂದಲೇ. ದೂರು ಇರುವುದು ಬಿಲ್ಲಿಂಗ್ ಕೌಂಟರ್ ಮೇಲೆ, ಅವರಿಗೆ ಹಾಗೆ ಹೇಳಿಕೊಟ್ಟವರ ಮೇಲೆ.

ಕೌಂಟರಿನಲ್ಲಿ ನನ್ನ ಗುರುತಿನ ಚೀಟಿ ಕೊಟ್ಟೆ. ಮೊಬೈಲಿನಲ್ಲಿ ಸಂಬಳದ ಚೀಟಿ ತೆಗೆದು, ಆರೋಗ್ಯ ಸಂಜೀವಿನಿಗೆ 350 ರೂಪಾಯಿ ಕಡಿತವಾದ ಸಾಲು ತೋರಿಸಿದೆ. ಅಲ್ಲಿದ್ದವರು ಅದನ್ನು ಸರಿಯಾಗಿ ನೋಡಲೂ ಇಲ್ಲ. "ಸ್ಕೀಮ್ ಕೇಸಾ ಮೇಡಂ? ಹಾಗಾದ್ರೆ ಸೋಮವಾರದ ತನಕ ಅಪ್ರೂವಲ್ ಬರಲ್ಲ. ಈಗ ಡೆಪಾಸಿಟ್ ಕಟ್ಟಿ, ಆಮೇಲೆ ನೋಡೋಣ" ಎಂದರು. ಒಳಗೆ ಗಂಡ ಸ್ಟ್ರೆಚರ್ ಮೇಲೆ ಮಲಗಿದ್ದಾರೆ. ಆ ಹೊತ್ತಲ್ಲಿ ಯಾರು ವಾದ ಮಾಡುತ್ತಾರೆ ಹೇಳಿ? ನನ್ನ ಮೊಬೈಲಿನಿಂದ ಯುಪಿಐನಲ್ಲಿ ಒಂದು ಲಕ್ಷ ಹಾಕಿದೆ. ಉಳಿದ ಇಪ್ಪತ್ತು ಸಾವಿರಕ್ಕೆ ಮೈದುನನನ್ನು ನಿದ್ದೆಯಿಂದ ಎಬ್ಬಿಸಿದೆ. ಅವನ ಹಣ ಬಂದು ರಸೀದಿ ಪ್ರಿಂಟ್ ಆಗುವ ತನಕ ಹದಿನೆಂಟು ನಿಮಿಷ ಹಿಡಿಯಿತು. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು. ಹೃದಯದ ರಕ್ತನಾಳ ಮುಚ್ಚಿಕೊಂಡಾಗ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತಾ ಹೋಗುತ್ತದೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅದೇ ಹೊತ್ತಿಗೆ ಮಾಜಿ ಜನಪ್ರತಿನಿಧಿಯೊಬ್ಬರನ್ನು ಕರೆತಂದರು. ಅವರಿಗೂ ಎದೆನೋವು. ನಿಮ್ಮ ಸಾರ್ವಜನಿಕ ಸಂಪರ್ಕಾಧಿಕಾರಿ (ಪಿಆರ್‌ಒ) ಮನೆಯಿಂದ ಓಡಿ ಬಂದರು. ವೀಲ್‌ಚೇರ್ ನೇರ ಒಳಗೆ ಹೋಯಿತು. ಅವರ ಕಡೆಯವರನ್ನು ಯಾರೂ ಡೆಪಾಸಿಟ್ ಕೇಳಲಿಲ್ಲ. "ಬಿಲ್ ಆಮೇಲೆ ಸರ್ಕಾರದಿಂದ ಬರುತ್ತೆ" ಅಂತ ಅದೇ ಕೌಂಟರಿನವರು ಮಾತಾಡಿಕೊಂಡಿದ್ದು ನನ್ನ ಕಿವಿಗೇ ಬಿತ್ತು.

ಆ ಹಿರಿಯರಿಗೆ ನೀವು ಮಾಡಿದ್ದು ಸರಿ. ಎದೆ ಹಿಡಿದುಕೊಂಡು ಬಂದವರನ್ನು ಹಾಗೆಯೇ ನೋಡಿಕೊಳ್ಳಬೇಕು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದರೆ ನನ್ನ ಗಂಡನ ಬಿಲ್ಲೂ ಸರ್ಕಾರದಿಂದಲೇ ಬರುವುದು, ಅಲ್ವಾ? ಶಾಸಕರ ಸೌಲಭ್ಯಕ್ಕೆ 1956ರ ವೇತನ, ಪಿಂಚಣಿ ಮತ್ತು ಭತ್ಯೆಗಳ ಕಾಯ್ದೆ ಇದೆ. ನೌಕರರಿಗೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳಿವೆ, ಈಗ 2025ರ ಅಕ್ಟೋಬರ್‌ನಿಂದ ಆರೋಗ್ಯ ಸಂಜೀವಿನಿಯೂ ಇದೆ. ಕಾಗದ ಬೇರೆ ಬೇರೆ, ಬೊಕ್ಕಸ ಒಂದೇ. ಜೊತೆಗೆ ನಾವು ತಿಂಗಳು ತಿಂಗಳು ಸಂಬಳದಿಂದ ವಂತಿಗೆಯನ್ನೂ ಕೊಡುತ್ತೇವೆ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಶುರುವಾಗಿದ್ದು 1954ರಲ್ಲಿ. ಅದರಲ್ಲಿ ಸಂಸದರೂ ಇದ್ದಾರೆ, ಗುಮಾಸ್ತರೂ ಇದ್ದಾರೆ. ಸಂಬಳದ ದರ್ಜೆ ನೋಡಿ ವಾರ್ಡ್ ಕೊಡುವುದನ್ನು ನಾನು ಒಪ್ಪುತ್ತೇನೆ. ಅವರಿಗೆ ಒಂದು ವಾರ್ಡ್, ನಮಗೆ ಇನ್ನೊಂದು, ಇರಲಿ. ಆದರೆ ತುರ್ತು ವಿಭಾಗದ ಬಾಗಿಲಲ್ಲಿ ದರ್ಜೆ ನೋಡುವುದನ್ನು ಒಪ್ಪಲಾರೆ.

ನಮ್ಮ ಕಚೇರಿಯ ಅಟೆಂಡರ್ ಒಬ್ಬರಿಗೆ ತಿಂಗಳಿಗೆ 250 ರೂಪಾಯಿ ಕಡಿತವಾಗುತ್ತದೆ. ಆ ರಾತ್ರಿ ನನ್ನ ಜಾಗದಲ್ಲಿ ಅವರು ಇದ್ದಿದ್ದರೆ? ಅವರ ಖಾತೆಯಲ್ಲಿ ಯಾವತ್ತೂ ಒಂದು ಲಕ್ಷ ಇರುವುದಿಲ್ಲ. ಈ ಪತ್ರ ಬರೆಯುವುದಕ್ಕೆ ಜಾಸ್ತಿ ಕಾರಣ ಅದೇ.

ತುರ್ತು ಸಂದರ್ಭದಲ್ಲಿ ಮುಂಗಡಕ್ಕೆ ಒತ್ತಾಯಿಸಬಾರದು ಅಂತ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗಲೇ ಸೇರಿಸಿದ್ದಾರೆ. ಮೊದಲು ಜೀವ ಉಳಿಸಿ, ಉಳಿದದ್ದೆಲ್ಲ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಇನ್ನೊಂದು ವಿಚಾರ ಬಿಲ್ಲಿನದು. ಡಿಸ್ಚಾರ್ಜ್ ದಿನ ನೀವು ಕೊಟ್ಟ ಹಾಳೆಯಲ್ಲಿ "ಪ್ಯಾಕೇಜ್" ಅಂತ ಒಂದೇ ಸಾಲು ಇದೆ. ರಕ್ತನಾಳದಲ್ಲಿ ಕೂರಿಸಿದ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟಿನ ಹೆಸರಿಲ್ಲ, ತಯಾರಿಸಿದ ಕಂಪನಿ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಸ್ಟಿಕ್ಕರ್ ಅಂಟಿಸಿಲ್ಲ. 2017ರ ಫೆಬ್ರುವರಿಯಲ್ಲಿ ಸ್ಟೆಂಟಿಗೆ ಗರಿಷ್ಠ ಬೆಲೆ ನಿಗದಿ ಮಾಡಿದಾಗಲೇ, ಇವನ್ನೆಲ್ಲ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು ಅಂತ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಹೇಳಿದೆ. ಇಂಥ ಬಿಲ್ಲು ನನ್ನ ಟೇಬಲ್ಲಿಗೆ ಬಂದರೆ ನಾನೇ ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತೇನೆ. ಕೇಳಿದ್ದಕ್ಕೆ "ಸ್ಕೀಮ್‌ನವರಿಗೆ ಡೀಟೇಲ್ ಬಿಲ್ ಕೊಡಲ್ಲ" ಎಂದರು. ಮಾರನೇ ವಾರ ಎರಡು ಸಲ ಫೋನ್ ಮಾಡಿದೆ. ಸುಮ್ನೆ ಒಬ್ಬರಿಂದ ಒಬ್ಬರಿಗೆ ಲೈನ್ ವರ್ಗಾಯಿಸಿದರು, ಅಷ್ಟೇ. ಸ್ಕೀಮ್ ಮಂಜೂರಾತಿಯೇನೋ ದಾಖಲಾದ ನಂತರದ ಸೋಮವಾರ ಸಂಜೆಯೇ ಬಂದಿದೆ. ಮುಂಗಡ ಮಾತ್ರ ಇನ್ನೂ ನಿಮ್ಮ ಬಳಿಯೇ ಇದೆ.

ಪೂರ್ತಿ 1,20,000 ರೂಪಾಯಿಯನ್ನು ಹದಿನೈದು ದಿನದೊಳಗೆ ವಾಪಸ್ ಕೊಡಿ. ಸ್ಟೆಂಟಿನ ಸ್ಟಿಕ್ಕರ್ ಸಮೇತ ವಿವರವಾದ ಬಿಲ್ಲು ಕೊಡಿ. ಮುಂದೆ ಹೃದಯಾಘಾತ ಅಂತ ಬರುವ ಯಾವ ನೌಕರರ ಮನೆಯವರಿಂದಲೂ ಡೆಪಾಸಿಟ್ ಕೇಳಬಾರದು ಅಂತ ನಿಮ್ಮ ಕೌಂಟರಿಗೆ ಲಿಖಿತ ಸೂಚನೆ ಹೋಗಲಿ, ಅದರ ಪ್ರತಿ ನನಗೂ ಬರಲಿ. ಇದಾಗದಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಇದೇ ಪತ್ರ, ರಸೀದಿಗಳ ಜೊತೆ ಹೋಗುತ್ತದೆ.

ಹಣವನ್ನು ಬಂದ ಖಾತೆಗಳಿಗೇ ಹಾಕಿ. ಒಂದು ಲಕ್ಷ ನನ್ನದು, ಇಪ್ಪತ್ತು ಸಾವಿರ ನನ್ನ ಮೈದುನನದು.

ಇತಿ,
ರೋಗಿಯ ಹೆಂಡತಿ