ಶನಿವಾರ ಬರೋ ನಾಯಿಗಳ ಬಗ್ಗೆ, ಫಾಸ್ಟರ್ ಮಾಡೋರು (ಸ್ವಲ್ಪ ದಿನ ಮನೇಲಿಟ್ಟು ನೋಡ್ಕೊಳ್ಳೋರು) ಓದಿ

ಎಲ್ರಿಗೂ ನಮಸ್ಕಾರ, ಮರಿ ಹಾಕಿಸಿ ಮಾರೋ ಬ್ರೀಡಿಂಗ್ ಫಾರ್ಮ್‌ನಿಂದ ಬಿಡಿಸಿದ ತಾಯಿ ನಾಯಿಗಳು ಶನಿವಾರ ಬೆಳಿಗ್ಗೆ ಬರ್ತಿವೆ. ಪಾಪ, ಪ್ರತಿ ಸಲ ಹೀಟ್‌ಗೆ (ಬೆದೆಗೆ) ಬಂದಾಗ್ಲೂ ಮರಿ ಹಾಕಿಸಿ ಹಾಕಿಸಿ ಸೊರಗಿಹೋಗಿವೆ, ತಂತಿ ಬೋನಲ್ಲೇ ನಿಂತು ಪಾದ ಎಲ್ಲಾ ಹುಣ್ಣಾಗಿದೆ, ನೆಲದ ಮೇಲೆ ಕಾಲಿಡೋಕೂ ಹೆದರ್ತವೆ, ಹಾಗಾಗಿ ಮೊದಲ ದಿನ ಎತ್ಕೊಳ್ಳೋದು ಫೋಟೋ ತೆಗೆಯೋದು ಏನೂ ಬೇಡ, ಒಂದು ಮೂಲೇಲಿ ಹಳೇ ಬೆಡ್‌ಶೀಟ್ ಹಾಕಿ ಅವುಗಳ ಪಾಡಿಗೆ ಬಿಟ್ಬಿಡಿ. ಊಟ ಸ್ವಲ್ಪ ಸ್ವಲ್ಪನೇ ಕೊಡಿ. ಮನೇಲಿ ಬೇರೆ ನಾಯಿ ಇದ್ರೆ 2 ವಾರ ಬೇರೆ ರೂಮಲ್ಲೇ ಇಡಿ, ಪಾರ್ವೋ (ನಾಯಿಗಳಲ್ಲಿ ಬೇಗ ಹರಡೋ ವೈರಸ್ ಕಾಯಿಲೆ) ಭಯ ಇದೆ, ನಿಮ್ ನಾಯಿಗೆ ವ್ಯಾಕ್ಸಿನ್ ಆಗಿರ್ಲೇಬೇಕು. ಮರಿ ಕೊಳ್ತೀವಿ ಅಂತ ಯಾರಾದ್ರೂ ಕೇಳಿದ್ರೆ, ತಾಯಿನ ಕಣ್ಣಾರೆ ನೋಡದೆ, 8 ವಾರ ತುಂಬದೆ ತಗೋಬೇಡಿ ಅಂತ ಖಂಡಿತ ಹೇಳಿ. ಯಾರು ಎಷ್ಟು ನಾಯಿ ಇಟ್ಕೋಬಹುದು ಅಂತ ಗುರುವಾರ ರಾತ್ರಿ ಒಳಗೆ ಇಲ್ಲೇ ರಿಪ್ಲೈ ಮಾಡಿ ಪ್ಲೀಸ್.