ಮಗಳಿಗೊಂದು ಪತ್ರ: ಲೋಟದ ತಳದ ಗಸಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ತೇದಾರಿ ಕಥೆಯಲ್ಲಿ ಕೊಲೆಯಾದ ಕೋಣೆಯ ಮೇಜಿನ ಮೇಲೆ ಹಳೆಯ ಪೋರ್ಟ್ ವೈನ್ ಬಾಟಲಿ ಇಡುತ್ತೇನೆ ಅಂದೆಯಲ್ಲ, ಇಡು. ಆದರೆ ರುಚಿ, ಪರಿಮಳದ ವರ್ಣನೆಗೆ ಹೋಗಬೇಡ. ಇಂಗ್ಲಿಷ್ ಸಾಹಿತ್ಯ ವಿಮರ್ಶಕ ಜಾರ್ಜ್ ಸೇಂಟ್ಸ್‌ಬರಿ ವೈನುಗಳ ಬಗ್ಗೆ ಬರೆದ 1920ರ ತನ್ನ ಪುಸ್ತಕದಲ್ಲಿ 1846ರ ಹರ್ಮಿಟಾಜ್ ವೈನನ್ನು ತಾನು ಕುಡಿದ ಫ್ರೆಂಚ್ ವೈನುಗಳಲ್ಲೇ ಅತ್ಯಂತ ಗಂಡಸುತನದ್ದು ಎಂದು ಹೊಗಳಿದ. ಓದಲು ಸೊಗಸು. ಆದರೆ ಆ ಮಾತಿನಿಂದ ಯಾವ ಕಳ್ಳನೂ ಸಿಕ್ಕಿಬೀಳುವುದಿಲ್ಲ.

1904ರ ಶೆರ್ಲಾಕ್ ಹೋಮ್ಸ್ ಕಥೆ ‘ಅಬೇ ಗ್ರೇಂಜ್’ ತೆಗೆದು ನೋಡು. ಮೇಜಿನ ಮೇಲೆ ಮೂರು ಲೋಟ, ಮೂರಕ್ಕೂ ವೈನಿನ ಬಣ್ಣ ಹತ್ತಿದೆ. ಬಾಟಲಿಯಲ್ಲಿ ಮೂರನೇ ಎರಡು ಭಾಗ ಉಳಿದಿದೆ. ಗಸಿ ಇರುವುದು ಒಂದೇ ಲೋಟದಲ್ಲಿ. ಕೊನೆಗೆ ಬಗ್ಗಿಸಿದ ಲೋಟಕ್ಕೆ ಗಸಿ ಬರುವುದು ಸಹಜವಲ್ಲವೇ ಅನ್ನುತ್ತಾನೆ ಪೊಲೀಸ್ ಅಧಿಕಾರಿ. ಹೋಮ್ಸ್ ಒಪ್ಪುವುದಿಲ್ಲ: ಬಾಟಲಿಯ ತುಂಬ ಗಸಿ ಇರುವಾಗ ಮೊದಲ ಎರಡು ಲೋಟ ಮಾತ್ರ ತಿಳಿಯಾಗಿ ಬರಲು ಹೇಗೆ ಸಾಧ್ಯ? ಕುಡಿದವರು ಇಬ್ಬರೇ. ಇಬ್ಬರ ಲೋಟದ ತಳವನ್ನೂ ಮೂರನೆಯದಕ್ಕೆ ಸುರಿದು ಮೂವರಿದ್ದರೆಂದು ತೋರಿಸಿದ್ದಾರೆ.

ಬಿರಡೆಯೂ ಮಾತಾಡುತ್ತದೆ. ಬಿರಡೆ ಕೀಳುವ ಸುರುಳಿಮೊಳೆ, ಅಂದರೆ ಕಾರ್ಕ್‌ಸ್ಕ್ರೂ, ಮೂರು ಸಲ ಚುಚ್ಚಿದ ಗುರುತಿದೆ, ಆದರೆ ತಳದವರೆಗೆ ತೂರಿಲ್ಲ. ಅಂದರೆ ಒಂದೂವರೆ ಅಂಗುಲ ಮೀರದ, ಜೇಬುಚಾಕುವಿನ ಸುರುಳಿ. ಮನೆಯ ಉದ್ದ ಕಾರ್ಕ್‌ಸ್ಕ್ರೂ ಆಗಿದ್ದರೆ ಒಂದೇ ಎಳೆತಕ್ಕೆ ಬರುತ್ತಿತ್ತು.

ಈ ಗಸಿ ಎಲ್ಲಿಂದ ಬರುತ್ತದೆ ಗೊತ್ತಿರಲಿ. ಪೋರ್ಚುಗಲ್‌ನ ಡೌರೊ ಕಣಿವೆಯಲ್ಲಿ ದ್ರಾಕ್ಷಿರಸ ಹುಳಿಯುತ್ತಿರುವಾಗಲೇ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಮದ್ಯಸಾರ ಶೇ. 20ರ ಆಸುಪಾಸಿಗೆ ನಿಲ್ಲುತ್ತದೆ. ವಿಂಟೇಜ್ ಪೋರ್ಟ್, ಅಂದರೆ ಒಂದೇ ಒಳ್ಳೆಯ ವರ್ಷದ ಬೆಳೆಯದ್ದು, ಆದರೆ ಎರಡು ಮೂರು ವರ್ಷಕ್ಕೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಆಮೇಲೆ ದಶಕಗಟ್ಟಲೆ ಬಣ್ಣವೂ ಒಗರೂ ಕೂಡಿ ಒಳಗೇ ಇಳಿಯುತ್ತವೆ. ದಪ್ಪದ್ದು ಗಾಜಿಗೆ ಹೊಪ್ಪಳೆಯಾಗಿ ಅಂಟುತ್ತದೆ. ತೆಳುವಾದ ಪೊರೆಯಂಥದ್ದಕ್ಕೆ ಬೀಸ್‌ವಿಂಗ್, ಜೇನುನೊಣದ ರೆಕ್ಕೆ, ಎಂದು ಹೆಸರು. ಸ್ವಲ್ಪ ಅಲುಗಿದರೂ ಅದು ಬಾಟಲಿಯೆಲ್ಲ ಹರಡುತ್ತದೆ. ಹೋಮ್ಸ್‌ನ ವಾದ ನಿಂತಿರುವುದೇ ಇದರ ಮೇಲೆ.

ತಿಳಿದವರು ಬಗ್ಗಿಸುವ ಕ್ರಮ ಬೇರೆ. ಮಲಗಿಸಿಟ್ಟ ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸುತ್ತಾರೆ, ಗಸಿ ತಳಕ್ಕಿಳಿಯಲಿ ಎಂದು. ಬಿರಡೆಯನ್ನು ನಿಧಾನವಾಗಿ ಎಳೆದು ಬಾಯಿ ಒರೆಸುತ್ತಾರೆ. ಗಸಿ ಕಾಣಲೆಂದು ಕುತ್ತಿಗೆಯ ಕೆಳಗೆ ಮೇಣದಬತ್ತಿ ಹಿಡಿದು, ಒಂದೇ ಓರೆಯಲ್ಲಿ, ನಡುವೆ ನಿಲ್ಲಿಸದೆ ಡಿಕ್ಯಾಂಟರಿಗೆ, ಅಂದರೆ ವೈನ್ ಬಡಿಸುವ ಗಾಜಿನ ಹೂಜಿಗೆ, ಇಳಿಸುತ್ತಾರೆ. ಬಾಟಲಿಯ ಹೆಗಲಿಗೆ ಗಸಿಯ ಕಪ್ಪು ಎಳೆ ಬಂದು ಮುಟ್ಟಿದ ಕೂಡಲೇ ಕೈ ನಿಲ್ಲಬೇಕು. ಅರ್ಧಕ್ಕೆ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ವೈನ್ ತುಳುಕಿ ಗಸಿಯೆಲ್ಲ ಏಳುತ್ತದೆ, ಪಟ್ಟ ಶ್ರಮ ವ್ಯರ್ಥ. ಬಿರಡೆ ಪುಡಿಯಾಗುವಷ್ಟು ಹಳತಾದರೆ ಕೆಂಪಗೆ ಕಾಯಿಸಿದ ಇಕ್ಕಳದಿಂದ ಬಿರಡೆಯ ಕೆಳಗೆ ಕುತ್ತಿಗೆ ಹಿಡಿದು, ಒದ್ದೆ ಬಟ್ಟೆ ಒತ್ತುತ್ತಾರೆ. ಗಾಜು ಸುತ್ತಲೂ ನೀಟಾಗಿ ಸೀಳುತ್ತದೆ.

ನಿನ್ನ ಕಥೆಯಲ್ಲಿ ಬಟ್ಲರ್ ಹೀಗೆ ಬಗ್ಗಿಸಿದ್ದರೆ ಯಾವ ಲೋಟದಲ್ಲೂ ಗಸಿ ಇರಬಾರದು. ಹಾಗಾಗಿ ಬಾಟಲಿಯಿಂದ ನೇರ ಸುರಿದದ್ದಾಗಿರಲಿ. ಅಳತೆಯನ್ನೂ ಸರಿಯಿಡು: ಈಗಿನ 750 ಮಿ.ಲೀ. ಬಾಟಲಿಯಲ್ಲಿ ಖಾಲಿಯಾದ ಮೂರನೇ ಒಂದು ಭಾಗವೆಂದರೆ 250. ಮೂವರಿಗೆ ತಲಾ 80ರಷ್ಟು, ಇಬ್ಬರಿಗಾದರೆ 125. ಡಿಕ್ಯಾಂಟರ್ ಅಲ್ಲೇ ಕಪಾಟಿನಲ್ಲಿ ಒಣಗಿ ಕೂತಿರಲಿ. ಅದಿದ್ದೂ ಬಾಟಲಿಯಿಂದಲೇ ಸುರಿದುಕೊಂಡವನಿಗೆ ಆ ಮನೆಯ ರೂಢಿ ಗೊತ್ತಿರಲಿಲ್ಲ, ಇಲ್ಲವೇ ಪುರುಸೊತ್ತಿರಲಿಲ್ಲ. ಎರಡರಲ್ಲಿ ಯಾವುದೆಂದು ಬಿರಡೆಯ ಮೇಲಿನ ಗುರುತು ಹೇಳಲಿ.

ಇಂತಿ,
ನಿನ್ನ ಅಮ್ಮ